ತುಟಿ ಕಾಣದ ಮಾಸ್ತರ

ಮನುಷ್ಯನಿಗೆ ತನ್ನ ಬಗ್ಗೆ ಒಂದಾದರೂ ಜಂಬ ಇರಬೇಕು, ಇಲ್ಲದಿದ್ದರೆ ಮುಂಜಾನೆ ಏಳಲು ಮನಸ್ಸಾಗುವುದಿಲ್ಲ ಎಂದು ನಾನು ನಂಬಿದವನು. ಕೆಲವರಿಗೆ ಹೊಲದ ಜಂಬ, ಕೆಲವರಿಗೆ ಮಕ್ಕಳ ಮಾರ್ಕಿನ ಜಂಬ. ನನಗೆ ಎರಡಿದ್ದವು: ದನಿ ಮತ್ತು ಮೀಸೆ. ರೋಣದ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷ ಸಮಾಜ ಪಾಠ ಹೇಳಿದ್ದೇನೆ. ನಾನು ಎಂಟನೆಯ ತರಗತಿಗೆ ಹೇಳಿದ ಪಾಠವನ್ನು ಪಕ್ಕದ ಕೋಣೆಯ ಹತ್ತನೆಯವರು ಪುಕ್ಕಟೆಯಾಗಿ ಇನ್ನೊಮ್ಮೆ ಕಲಿಯುತ್ತಿದ್ದರು. ಅಲ್ಲಿ ಗಣಿತ ಹೇಳುತ್ತಿದ್ದ ಮಾಸ್ತರರು ಮಾತ್ರ ಬೇರೆ ಕೋಣೆ ಬೇಡಿಕೊಂಡು ಹೋದರು. ಇನ್ನು ಮೀಸೆ. ಅದು ಮೇಲ್ದುಟಿಯನ್ನು ಪೂರ್ತಿ ಮುಚ್ಚಿ ಕೆಳದುಟಿಗೂ ಅಷ್ಟಿಷ್ಟು ನೆರಳು ಕೊಡುತ್ತಿತ್ತು. ಚಹಾದ ಮೊದಲ ಗುಟುಕು ಯಾವಾಗಲೂ ಅದಕ್ಕೇ. ಇವರು ನಕ್ಕದ್ದನ್ನು ಮದುವೆಯಾದಾಗಿನಿಂದ ಕಣ್ಣು ನೋಡಿಯೇ ಊಹಿಸುತ್ತ ಬಂದಿದ್ದೇನೆ ಎಂದು ನನ್ನ ಹೆಂಡತಿ ಸರೋಜಾ ಬಂದವರ ಮುಂದೆಲ್ಲ ಹೇಳುತ್ತಾಳೆ.

ಇಂಥ ನಾನು ನಲವತ್ತಾರನೆಯ ವಯಸ್ಸಿನಲ್ಲಿ, ಕಿವಿ ಕೇಳದ ಮಕ್ಕಳಿಗೆ ಪಾಠ ಹೇಳುವ ವಿಶೇಷ ಬಿ.ಎಡ್. ತರಬೇತಿಗೆ ಸೇರಿದೆ. ದೊಡ್ಡ ಸೇವಾಭಾವವೇನೂ ಇರಲಿಲ್ಲ. ನಮ್ಮ ಶಾಲೆಗೆ ಅಂಥ ಇಬ್ಬರು ಮಕ್ಕಳು ಬಂದಿದ್ದರು. ಯಾರಾದರೂ ಒಬ್ಬರು ಎರಡು ವರ್ಷ ತರಬೇತಿಗೆ ಹೋಗಬೇಕು ಎಂದು ಹೆಡ್ ಮಾಸ್ತರರು ಸಭೆಯಲ್ಲಿ ಹೇಳಿದಾಗ ಎಲ್ಲರೂ ನೆಲ ನೋಡತೊಡಗಿದರು. ನಾನು ಮೀಸೆ ತಿರುವಲೆಂದು ಕೈ ಎತ್ತಿದೆ. ಅವರು ನನ್ನ ಹೆಸರು ಬರೆದುಕೊಂಡರು. ಹಾಗೆ ಬರೆದುಕೊಂಡದ್ದಕ್ಕೆ ಅವರಿಗೆ ಎಷ್ಟು ಋಣಿಯಾಗಿದ್ದೇನೆ ಎಂಬುದನ್ನು ಇವತ್ತಿಗೂ ಅವರ ಮುಂದೆ ಹೇಳಿಲ್ಲ.

ತರಬೇತಿಯಲ್ಲಿ ಉಳಿದವರೆಲ್ಲ ಇಪ್ಪತ್ತೆರಡು, ಇಪ್ಪತ್ಮೂರರ ಹುಡುಗಿಯರು. ಸನ್ನೆಭಾಷೆ ಅವರ ಬೆರಳಿಗೆ ಸರಸರ ಹತ್ತಿತು. ನನ್ನ ಬೆರಳುಗಳಿಗೆ ಸೀಮೆಸುಣ್ಣ ಹಿಡಿದು ಹಿಡಿದು ಬಿಗಿತ ಬಂದಿತ್ತು. ನಾನು ‘ನೀರು’ ಎಂದು ತೋರಿಸಿದರೆ ಹುಡುಗಿಯರು ಯಾರಿಗೆ ಬೈಯುತ್ತಿದ್ದೀರಿ ಸರ್ ಎಂದು ಕೇಳುತ್ತಿದ್ದರು. ಆದರೂ ನನಗೆ ಧೈರ್ಯವಿತ್ತು. ಕಿವಿ ಕೇಳದಿದ್ದರೆ ಏನಾಯಿತು, ಜೋರಾಗಿ ಹೇಳಿದರಾಯಿತು, ಅದಕ್ಕೆ ನನಗಿಂತ ಯೋಗ್ಯ ಮನುಷ್ಯ ತಾಲೂಕಿನಲ್ಲೇ ಇಲ್ಲ ಎಂದುಕೊಂಡಿದ್ದೆ. ನಮಗೆ ಕಲಿಸುತ್ತಿದ್ದ ಶಶಿಕಲಾ ಮೇಡಂ ನನಗಿಂತ ಹತ್ತು ವರ್ಷ ಸಣ್ಣವರು, ಬಹಳ ತಾಳ್ಮೆಯವರು. ಒದರಿದರೆ ಬಾಯಿಯ ಆಕಾರ ಕೆಡುತ್ತದೆ, ಕಿವಿಯ ಯಂತ್ರದಲ್ಲಿ ಮಾತು ಒಡೆದು ಬರಿ ಸದ್ದಾಗುತ್ತದೆ, ಹಲಗೆಗೆ ಮುಖ ಮಾಡಿ ಮಾತಾಡಿದರೆ ಮಗುವಿಗೆ ನಿಮ್ಮ ಬೆನ್ನು ಮಾತ್ರ ಸಿಗುತ್ತದೆ ಎಂದು ದಿನಾ ತಿದ್ದುತ್ತಿದ್ದರು. ಇಪ್ಪತ್ತು ವರ್ಷ ಬೆನ್ನಿನಿಂದಲೇ ಪಾಠ ಹೇಳಿದವನಿಗೆ ಇದು ಅಷ್ಟು ಸುಲಭವಾಗಿ ಇಳಿಯಲಿಲ್ಲ.

ಅಭ್ಯಾಸದ ಪಾಠಗಳು ಗಜೇಂದ್ರಗಡದ ಒಂದು ಶಾಲೆಯಲ್ಲಿ. ಅಲ್ಲಿ ನನ್ನ ಪಾಲಿಗೆ ಬಂದವಳು ಭಾಗ್ಯಶ್ರೀ ಎಂಬ ನಾಲ್ಕನೆಯ ತರಗತಿಯ ಹುಡುಗಿ. ಮನೆಯಲ್ಲಿ ಸೀರೆ ನೇಯುತ್ತಾರೆ. ಒಮ್ಮೆ ಅವರ ಮನೆಗೆ ಹೋಗಿ ನೋಡಿದೆ. ಮಗ್ಗಗಳ ಖಟಪಟದಲ್ಲಿ ಅಲ್ಲಿ ಯಾರೂ ಗಂಟಲು ಹರಿದುಕೊಳ್ಳುವುದಿಲ್ಲ. ಅವ್ವ ಈ ಮಗ್ಗದಲ್ಲಿ, ಚಿಗವ್ವ ಆ ಮಗ್ಗದಲ್ಲಿ ಕೂತು, ದನಿಯೇ ಇಲ್ಲದೆ ಬರಿ ತುಟಿ ಆಡಿಸಿ ಇಡೀ ಓಣಿಯ ಸುದ್ದಿ ಮಾತಾಡಿಕೊಳ್ಳುತ್ತಾರೆ. ಈ ಹುಡುಗಿ ಹುಟ್ಟಿದಾಗಿನಿಂದ ಅದನ್ನು ನೋಡಿ ಬೆಳೆದವಳು. ತುಟಿ ಓದುವುದರಲ್ಲಿ ನಮ್ಮ ಕಾಲೇಜಿಗೆಲ್ಲ ಪಾಠ ಹೇಳಬಲ್ಲಳು. ನನ್ನ ಜೊತೆಯ ತರಬೇತಿ ಹುಡುಗಿಯರ ಪಾಠಕ್ಕೆಲ್ಲ ಪಟಪಟ ಉತ್ತರ ಕೊಡುವ ಈ ಮಗು ನನ್ನ ಪಾಠದಲ್ಲಿ ಮಾತ್ರ ಕಲ್ಲಿನಂತೆ ಕೂತಿರುತ್ತಿತ್ತು. ನಾನು ಇನ್ನೂ ಜೋರಾಗಿ ಹೇಳಿದೆ. ಒಂದು ದಿನ ಅವಳು ಎದ್ದು ನನ್ನ ಹತ್ತಿರ ಬಂದಳು, ಕೈಯಲ್ಲಿದ್ದ ಪೆನ್ಸಿಲ್ಲಿನಿಂದ ನನ್ನ ಮೀಸೆಯನ್ನು ಮೆಲ್ಲಗೆ ಮೇಲೆತ್ತಿ, ಒಳಗೆ ಏನಾದರೂ ಇದೆಯೇ ಎಂದು ಬಗ್ಗಿ ನೋಡಿದಳು. ಹಿಂದೆ ಕೂತಿದ್ದ ಹುಡುಗಿಯರು ನಗು ತಡೆಯಲಾಗದೆ ಹೊರಗೆ ಓಡಿದರು.

ಶಶಿಕಲಾ ಮೇಡಂ ನಗಲಿಲ್ಲ. ಪಾಠ ಮುಗಿದ ಮೇಲೆ ಕರೆದು, “ಸರ್, ಆಕಿಗೆ ನಿಮ್ಮ ಬಾಯೇ ಕಾಣವಲ್ದು. ಹತ್ತು ದಿನಕ್ಕ ಪರೀಕ್ಷಾ ಪಾಠ ಐತಿ. ಏನ್ ಮಾಡ್ತೀರೋ ನೋಡ್ರಿ” ಅಂದರು. ಹೊರಗಿನ ಪರೀಕ್ಷಕರ ಮುಂದೆ ಆ ಹುಡುಗಿಗೆ ಪಾಠ ತಿಳಿಯದಿದ್ದರೆ ನಾನು ನಪಾಸು; ರೋಣದ ಶಾಲೆಯ ಆ ಇಬ್ಬರು ಮಕ್ಕಳು ಇನ್ನೊಂದು ವರ್ಷ ಮೂಕರಾಗಿ ಕೂರಬೇಕು. ತೆಗೆದರಾಯಿತಲ್ಲ ಎನ್ನುತ್ತೀರಿ. ಅಷ್ಟು ಸರಳವಿದ್ದರೆ ಈ ಪ್ರಬಂಧ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ನಮ್ಮ ಮನೆತನದಲ್ಲಿ ಗಂಡಸು ಮೀಸೆ ತೆಗೆಯುವುದು ಒಂದೇ ಕಾರಣಕ್ಕೆ: ತಂದೆ ತೀರಿಕೊಂಡಾಗ. ನನ್ನ ತಂದೆಗೆ ಎಂಬತ್ತೊಂದು. ಬಜಾರದಲ್ಲಿ ಕಾಳಿನ ವ್ಯಾಪಾರ ಮಾಡಿ, ವಯಸ್ಸಾಯಿತೆಂದು ಬಿಟ್ಟವನು, ದಿನಾ ಸ್ನಾನ ಮುಗಿಸಿ, ಬಿಳಿ ಟೊಪ್ಪಿಗೆ ಹಾಕಿ, ಕಟ್ಟೆಯ ಮೇಲೆ ಠೀಕಾಗಿ ಕೂತಿರುತ್ತಾನೆ.

ಹೋಗಿ ಕೇಳಿದೆ. “ಅಪ್ಪಾ, ಮೀಸಿ ತಗೀಲೇನು?” ಅಂದೆ. ಅಪ್ಪ ಟೊಪ್ಪಿಗೆ ಸರಿಮಾಡಿಕೊಂಡ. ಇನ್ನೂ ಜೋರಾಗಿ, ಕಾರಣಗಳ ಸಹಿತ ಕೇಳಿದೆ. ಎದುರುಮನೆಯ ಎಮ್ಮೆ ತಿರುಗಿ ನೋಡಿತು, ಅಪ್ಪ ಮುಖ ತಿರುಗಿಸಿ ರಸ್ತೆ ನೋಡತೊಡಗಿದ. ಮೂರು ದಿನ ಇದೇ ನಡೆಯಿತು. ಸಿಟ್ಟು ಬಂದಿದೆ, ಬರದೆ ಏನು, ಜೀವಂತ ಇರುವಾಗಲೇ ಮಗ ಹೀಗೆ ಕೇಳಿದರೆ ಯಾರಿಗೆ ಬರುವುದಿಲ್ಲ ಎಂದು ನನಗೆ ಅನ್ನ ರುಚಿಸಲಿಲ್ಲ. ನಾಲ್ಕನೆಯ ದಿನ ಸರೋಜಾ ಚಹಾ ಕೊಡುತ್ತ ಮೆಲ್ಲಗೆ ಕೇಳಿದಳು. ಅಪ್ಪ ಅವಳ ಮುಖ ನೋಡಿ, “ತಗೀಲಿ ಬಿಡವಾ. ನಾಕು ಕೂಸಿಗೆ ವಿದ್ಯಾ ಆಗ್ತದಂದ್ರ ನನಗೇನು ಆಯುಷ್ಯ ಕಮ್ಮಿ ಆಗೂದಿಲ್ಲ” ಅಂದ. ಸೊಸೆಗೆ ಉತ್ತರ ಉಂಟು, ಮಗನಿಗೆ ಇಲ್ಲ. ಒಪ್ಪಿಗೆ ಸಿಕ್ಕಿತು, ಆದರೆ ಮುನಿಸು ಹೋಗಿಲ್ಲ ಎಂದುಕೊಂಡೆ.

ಕಟಿಂಗ್ ಅಂಗಡಿಯವನು ಏನೂ ಕೇಳದೆ, ದುಃಖದ ಮುಖ ಮಾಡಿ, ರೇಡಿಯೋ ಬಂದ್ ಮಾಡಿ ಕೆಲಸ ಮುಗಿಸಿದ. ಆ ರೇಡಿಯೋ ಬಂದ್ ಆದಾಗಲೇ ನನಗೆ ತಿಳಿಯಬೇಕಿತ್ತು. ಮರುದಿನ ಮುಂಜಾನೆ ಜಕ್ಕಲಿಯಿಂದ ಅಪ್ಪನ ಹಳೆಯ ಗೆಳೆಯರಿಬ್ಬರು ಮಾತಾಡಿಸಿಕೊಂಡು ಹೋಗಲು ಬಂದರು; ನಮ್ಮ ಕಡೆ ಸತ್ತವರ ಮನೆಗೆ ಹೋಗುವುದಕ್ಕೆ ಹಾಗೆನ್ನುತ್ತಾರೆ. ಬಾಗಿಲಲ್ಲಿ ಅವರನ್ನು ಮಾತಾಡಿಸಿದವನು ಅಪ್ಪನೇ. ಒಬ್ಬರು ಕಂಬ ಹಿಡಿದುಕೊಂಡರು. ಅವರ ಮುಖ ನೋಡಿಯೇ ಅಪ್ಪನಿಗೆ ಎಲ್ಲ ತಿಳಿಯಿತು. “ಬಂದದ್ದ ಬಂದೀರಿ, ಕುಂಡ್ರಿ. ನಾ ಹೋದ ಮ್ಯಾಲೆ ಏನ್ ಅನ್ನಾವ್ರಿದ್ರಿ, ಅದನ್ನ ಈಗ ಅಂದ ಹೋಗ್ರಿ” ಅಂದ. ಇಬ್ಬರೂ ಪಾಪ ಚಹಾ ಕುಡಿಯುತ್ತ ಅರ್ಧ ತಾಸು ಅಪ್ಪನನ್ನು ಹೊಗಳಿದರು. ಅವತ್ತಿನಷ್ಟು ಸಂತೋಷವಾಗಿದ್ದ ಅಪ್ಪನನ್ನು ನಾನು ಎಷ್ಟೋ ದಿನಗಳಿಂದ ನೋಡಿರಲಿಲ್ಲ.

ಪರೀಕ್ಷಾ ಪಾಠ ‘ನಮ್ಮೂರ ಬಸ್ ನಿಲ್ದಾಣ’. ಬೋಳು ತುಟಿ ಹೊತ್ತು, ಬೆಳಕಿಗೆ ಮುಖ ಕೊಟ್ಟು, ಮನೆಯಲ್ಲಿ ಉಪ್ಪಿನಕಾಯಿ ಬಡಿಸೆನ್ನುವಷ್ಟು ದನಿಯಲ್ಲಿ ಶುರು ಮಾಡಿದೆ. ಭಾಗ್ಯಶ್ರೀ ಒಂದು ನಿಮಿಷ ಯಾರಿವನು ಎಂದು ನೋಡಿದಳು. ಆಮೇಲೆ ಅವಳ ಕಣ್ಣು ನನ್ನ ಬಾಯಿಯ ಮೇಲೆ ನಿಂತಿತು, ಮತ್ತೆ ಕದಲಲಿಲ್ಲ. ಕೇಳಿದ ಆರು ಪ್ರಶ್ನೆಗೂ ಉತ್ತರ ಕೊಟ್ಟಳು. ಏಳನೆಯದನ್ನು ಅವಳೇ ನನಗೆ ಕೇಳಿದಳು: ಇಷ್ಟು ದಿನ ನೀವು ಯಾಕೆ ಸುಮ್ಮನೆ ನಿಂತಿರುತ್ತಿದ್ದಿರಿ? ಪರೀಕ್ಷಕರು ನಕ್ಕರು. ನನ್ನ ಕಣ್ಣಲ್ಲಿ ನೀರು ಬಂತು, ಸೊಟ್ಟಗಾದ ಬಾಯಿಯನ್ನು ಮುಚ್ಚಿಡಲು ಮುಖದ ಮೇಲೆ ಏನೂ ಉಳಿದಿರಲಿಲ್ಲ.

ಸಂಜೆ ಮನೆಗೆ ಬಂದು ಅಪ್ಪನ ಎದುರು ಕೂತೆ. ದಿನವಿಡೀ ಮೆಲ್ಲಗೆ ಮಾತಾಡಿದ ರೂಢಿಯಲ್ಲೇ, ಪಾಠ ಚಲೋ ಆತು, ಹುಡುಗಿಗೆ ಎಲ್ಲ ತಿಳೀತು ಅಂದೆ. ಅಪ್ಪ ತಟ್ಟನೆ, “ಹೌದಾ? ಏನೇನ್ ಕೇಳಿದಿ ಆಕಿನ್ನ?” ಅಂದ. ಹೇಳಿದೆ. ಮತ್ತೆ ಕೇಳಿದ. ಅವಳ ಹೆಸರು, ಮಗ್ಗ, ಪೆನ್ಸಿಲ್ಲು, ಎಲ್ಲ ಹೇಳಿದೆ. ಎಲ್ಲಕ್ಕೂ ಅಪ್ಪ ನಕ್ಕ. ಆಮೇಲೆ ನನ್ನ ತುಟಿಯನ್ನೇ ನೋಡುತ್ತ ಹೇಳಿದ: “ನಾಕೈದು ವರ್ಷ ಆತಪಾ ನಿನ್ನ ಮಾತು ತಿಳೀಲಾರದ. ಬರೇ ಒದರೂದಷ್ಟ ಕೇಳ್ತಿತ್ತು. ಸಿಟ್ಟಿನ್ಯಾಗ ಅದಾನ, ಮಾತಾಡ್ಸೂದು ಬ್ಯಾಡಂತ ಸುಮ್ನಿರ್ತಿದ್ದೆ.”

ಮರುದಿನ ಅಪ್ಪನನ್ನು ಕಿವಿ ಪರೀಕ್ಷೆಗೆ ದವಾಖಾನೆಗೆ ಕರೆದುಕೊಂಡು ಹೋದೆ. ಅಲ್ಲಿ ಒಂದು ಫಾರ್ಮ್ ಕೊಟ್ಟರು. ಎರಡು ವರ್ಷದಿಂದ ಊರ ಮಕ್ಕಳಿಗೆಲ್ಲ ನಾನೇ ತುಂಬಿಕೊಟ್ಟ ಫಾರ್ಮು, ಕಣ್ಣು ಮುಚ್ಚಿ ಬರೆಯಬಲ್ಲೆ. ಮೂರನೆಯ ಸಾಲಿಗೆ ಬಂದಾಗ ಕೈ ನಿಂತಿತು: ‘ದೋಷವನ್ನು ಮೊದಲು ಗುರುತಿಸಿದವರು ಯಾರು?’ ವಿಶೇಷ ತರಬೇತಿ ಪಡೆದ ಮಗ ಪೆನ್ನು ಹಿಡಿದು ಛಾವಣಿ ನೋಡತೊಡಗಿದ. ಅಪ್ಪ ನನ್ನ ಭುಜದ ಮೇಲಿಂದ ಬಗ್ಗಿ ಆ ಸಾಲು ಓದಿ, ಮೊಣಕೈಯಿಂದ ತಿವಿದ.

“ಭಾಗ್ಯಶ್ರೀ ಅಂತ ಬರಿ” ಅಂದ.

ಬರೆದೆ.