ಎಲ್ಪಿಡಿಯೊನ ಸಮುದ್ರಸ್ನಾನ

ಎಲ್ಪಿಡಿಯೊ ಮಾಡಿದ ತಪ್ಪು ಇಷ್ಟೇ. ತಂಗುಮನೆಯ ರಿಜಿಸ್ಟರಿನಲ್ಲಿ ‘ಎಷ್ಟು ಜನ’ ಎಂದು ಕೇಳಿದ ಕಡೆ ‘ಒಬ್ಬ’ ಎಂದು ಬರೆದುಬಿಟ್ಟ.

ತಂಗುಮನೆಯ ಒಡತಿ ಓಸಾಂಗ್, ಊರಿಗೆಲ್ಲ ಓಸಾಂಗಕ್ಕ, ಆ ಪದವನ್ನು ಕನ್ನಡಕ ಹಾಕಿಕೊಂಡು ಒಮ್ಮೆ, ತೆಗೆದು ಇನ್ನೊಮ್ಮೆ ಓದಿದಳು. ಸಿಕಿಹೋರ್ ದ್ವೀಪಕ್ಕೆ ಜನ ಬರುವುದು ಹಿಂಡು ಹಿಂಡಾಗಿ. ಅಜ್ಜಿ, ಮೊಮ್ಮಕ್ಕಳು, ಅನ್ನದ ಪಾತ್ರೆ ಸಮೇತ ಬಂದು, ಹನ್ನೆರಡು ಜನ ಒಂದೇ ಕೋಣೆಯಲ್ಲಿ ಮಲಗಿ, ಕಡಲಲ್ಲಿ ಕೂಗಾಡಿ ಹೋಗುತ್ತಾರೆ. ಒಬ್ಬನೇ ಬಂದವನು ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಬಂದವನ ಹಾಗೆ. ಇನ್ನೊಂದು ಎಲ್ಲಿ ಎಂದು ಕೇಳದೆ ಇರಲು ಯಾರಿಂದಲೂ ಆಗುವುದಿಲ್ಲ.

“ಮದುವೆ ಆಗಿಲ್ವಾ ತಮ್ಮಾ?”

“ಆಗಿದೆ. ಹೆಂಡ್ತಿ ಸೆಬುನಲ್ಲಿದಾಳೆ, ಮನೇಲಿ.”

“ಜಗಳಾನಾ?”

“ಅಯ್ಯೋ ಇಲ್ಲಕ್ಕ. ಹಡಗಿನ ಟಿಕೆಟ್ ತಂದಿದ್ದೇ ಅವಳು. ರಿಯಾಯಿತಿಲಿ ಒಂದೇ ಸಿಕ್ತಂತೆ. ನೀವಾದ್ರೂ ಹೋಗಿ ಆರಾಮಾಗಿದ್ದು ಬನ್ನಿ ಅಂತ ಬ್ಯಾಗೂ ಅವಳೇ ತುಂಬಿಕೊಟ್ಟಳು.”

ಓಸಾಂಗಕ್ಕ ಪೆನ್ನು ಕೆಳಗಿಟ್ಟಳು. “ಬ್ಯಾಗೂ ಅವಳೇ ತುಂಬಿದಳಾ,” ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಕೈಗೆ ತೆಗೆದುಕೊಂಡಿದ್ದ ಕಡಲ ಕಡೆಯ ಕೋಣೆಯ ಬೀಗದಕೈಯನ್ನು ಮತ್ತೆ ಮೊಳೆಗೆ ನೇತುಹಾಕಿ, ಸದಾ ತನ್ನ ಕಣ್ಣಿಗೆ ಬೀಳುತ್ತಿರಲಿ ಎಂದು ಅಡುಗೆಮನೆಗೆ ಅಂಟಿಕೊಂಡಿದ್ದ ಕೋಣೆಯದನ್ನು ಕೊಟ್ಟಳು. ತುರ್ತು ಬಂದರೆ ಯಾರಿಗೆ ಹೇಳಬೇಕು ಎಂಬ ಕಡೆ ಹೆಂಡತಿ ಲುದಿವಿನಾಳ ಫೋನ್ ನಂಬರನ್ನು ಬರೆಸಿಕೊಂಡು, ಬಾಯಲ್ಲೂ ಒಂದು ಸಲ ಹೇಳಿಸಿದಳು.

ಎಲ್ಪಿಡಿಯೊನಿಗೆ ಈ ಪ್ರವಾಸದಿಂದ ಬೇಕಾಗಿದ್ದು ಒಂದೇ ಒಂದು. ಹದಿನಾಲ್ಕು ವರ್ಷದಿಂದ ಅವನು ಸೆಬು ಪಟ್ಟಣದ ಒಂದು ದೊಡ್ಡ ಅಂಗಡಿಯಲ್ಲಿ ಕೆಟ್ಟ ಫ್ಯಾನು, ಕೆಟ್ಟ ಮಿಕ್ಸಿ, ಕೆಟ್ಟ ಬಟ್ಟೆ ಒಗೆಯುವ ಮಷಿನ್ನುಗಳ ದೂರು ಕೇಳುವ ಕೌಂಟರಿನಲ್ಲಿ ಕೂತಿದ್ದ. ಬೆಳಿಗ್ಗೆ ಒಂಬತ್ತಕ್ಕೆ ಶುರುವಾದ ಬೈಗುಳ ಸಂಜೆ ಅಂಗಡಿ ಮುಚ್ಚಿದ ಮೇಲೂ ಅವನ ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ಯಾರೋ ಹೇಳಿದ್ದರು, ಸಮುದ್ರದಲ್ಲಿ ಅಂಗಾತ ತೇಲಿ ಕಿವಿ ಎರಡನ್ನೂ ನೀರಿನೊಳಗೆ ಬಿಟ್ಟರೆ ಪ್ರಪಂಚದಲ್ಲಿ ಯಾರ ಮಾತೂ ಕೇಳಿಸುವುದಿಲ್ಲ ಎಂದು. ಒಂದು ಗಂಟೆ ಹಾಗೆ ತೇಲಬೇಕು. ಮರುದಿನ ಬೆಳಗಿನ ಹಡಗಿಗೆ ವಾಪಸ್ಸು. ಇದಕ್ಕಿಂತ ಸಣ್ಣ ಆಸೆ ಇಟ್ಟುಕೊಳ್ಳುವುದು ಸಂಸಾರಸ್ಥನಿಗೆ ಕಷ್ಟ.

ಒಣಮೀನು ಅನ್ನ ಮುಗಿಸಿ, ಓಸಾಂಗಕ್ಕನ ಇಪ್ಪತ್ತು ಪ್ರಶ್ನೆಗಳಿಂದ ಬಿಡಿಸಿಕೊಂಡು, ಟವೆಲ್ಲು ಹೆಗಲಿಗೆ ಹಾಕಿ ಅವನು ಕಡಲಿಗೆ ಇಳಿದ. ನೀರು ಸೊಂಟಕ್ಕೆ ಬಂದಿತ್ತು. ಹಿಂದೆ ಚಳಕ್ ಚಳಕ್ ಎಂದು ಸದ್ದಾಯಿತು. ದಡದಲ್ಲಿ ಬಲೆ ಹೊಲಿಯುತ್ತಿದ್ದ ದೋಣಿಯ ಕುಲಾಸಣ್ಣ, ಹಾಕಿದ ಅಂಗಿಯಲ್ಲೇ ನೀರಿಗಿಳಿದು ಬಂದು ಪಕ್ಕದಲ್ಲಿ ನಿಂತಿದ್ದ.

“ಏನ್ ಮಾಡ್ತಾ ಇದೀರಿ?” ಎಂದು ಕೇಳಿದ.

“ಸ್ನಾನ.”

“ಮಾಡಿ ಮಾಡಿ. ನಾನೂ ಅದಕ್ಕೇ ಬಂದೆ.”

ಎಲ್ಪಿಡಿಯೊ ಹತ್ತು ಮಾರು ಆಚೆ ಹೋದ. ಕುಲಾಸಣ್ಣನೂ ಹೋದ. ಕಣ್ಣು ಮುಚ್ಚಿ ಅಂಗಾತ ಮಲಗಿದ ಕೂಡಲೇ ಬೆನ್ನಿನ ಕೆಳಗೆ ಎರಡು ಒರಟು ಕೈ ಬಂದು ಅವನನ್ನು ಮೇಲಕ್ಕೆತ್ತಿದವು. ದೀಕ್ಷಾಸ್ನಾನಕ್ಕೆ ಪಾದ್ರಿ ಕೈಯಲ್ಲಿಟ್ಟ ಕೂಸಿನ ಹಾಗೆ ಅವನು ನೀರಿನ ಮೇಲೆ ಅಡ್ಡಲಾಗಿ ಸಿಕ್ಕಿಕೊಂಡ. ಕಿವಿ ಎರಡೂ ಗಾಳಿಯಲ್ಲೇ ಉಳಿದವು.

“ಜೀವನ ದೊಡ್ಡದು ಕಣ್ರೀ,” ಎಂದ ಕುಲಾಸಣ್ಣ, ಆ ಕಿವಿಗಳಿಗೆ. “ನನ್ನ ತಮ್ಮನ್ನೂ ಅವನ ಹೆಂಡ್ತಿ ಬಿಟ್ಟುಹೋದ್ಲು. ಈಗ ನೋಡಿ, ಹಂದಿ ಸಾಕ್ಕೊಂಡು ಎಷ್ಟು ಚೆನ್ನಾಗಿದಾನೆ.”

“ನನ್ನ ಹೆಂಡ್ತಿ ಎಲ್ಲೂ ಹೋಗಿಲ್ಲ, ಕೈ ಬಿಡಿ.”

“ಅವನೂ ಮೊದಮೊದಲು ಹಂಗೇ ಹೇಳ್ತಿದ್ದ.”

ಎಲ್ಪಿಡಿಯೊ ದಡಕ್ಕೆ ಬಂದು, ಅದೇ ಕುಲಾಸಣ್ಣನ ದೋಣಿಯಲ್ಲಿ ದೂರದ ಮರಳುದಿಬ್ಬಕ್ಕೆ ಹೋಗಲು ನೋಡಿದ. ಎಂಜಿನ್ ಕೆಟ್ಟಿದೆ ಎಂಬ ಉತ್ತರ ಬಂತು. ಕಾಲು ಗಂಟೆಯಲ್ಲಿ ಕೆಟ್ಟ ಎಂಜಿನ್ನು ಒಂಬತ್ತು ಜನರ ಒಂದು ಸಂಸಾರವನ್ನು ಹೇರಿಕೊಂಡು ಡುಗುಡುಗು ಎಂದು ಹೊರಟುಹೋಯಿತು. ಬಂಡೆಗಳಾಚೆ ಒಂದು ನಿರ್ಜನ ಕೊಲ್ಲಿ ಇದೆ ಎಂದು ಕೇಳಿ ಅಲ್ಲಿಗೆ ನಡೆದ. ಅವನು ತಲುಪುವ ಹೊತ್ತಿಗೆ ಅಲ್ಲಿ ಆರು ಹೆಂಗಸರು ಚಾಪೆ ಹಾಸಿಕೊಂಡು ಕೂತು, ಅವನಿಗಾಗಿ ಬಾಳೆಹಣ್ಣು ಕರಿಯುತ್ತಿದ್ದರು. ನಿರ್ಜನ ಕೊಲ್ಲಿಯ ಮಾತು ಓಸಾಂಗಕ್ಕನ ಕಿವಿಗೆ ಬಿದ್ದು, ಅವಳು ಅವರನ್ನು ಆಟೋದಲ್ಲಿ ಮುಂದಾಗಿ ಕಳಿಸಿದ್ದಳು. ದಯೆ ಎಂಬುದು ಅಟ್ಟಿಸಿಕೊಂಡು ಬಂದರೆ ಎಷ್ಟು ಕೆಟ್ಟದಾಗಿರುತ್ತದೆ ಎಂದು ಅವನಿಗೆ ಅವತ್ತು ಗೊತ್ತಾಯಿತು. ಎರಡು ಬಾಳೆಹಣ್ಣು ತಿಂದು ವಾಪಸ್ಸು ನಡೆದ. ಹೆಂಗಸರೂ ಎದ್ದು ಬಂದರು.

ಮಧ್ಯಾಹ್ನ ಊರಿನವರು ತಂಗುಮನೆಗೆ ಟಿನಾಯಜ್ಜಿಯನ್ನು ಕರೆಸಿದರು. ಆ ದ್ವೀಪದಲ್ಲಿ ಡಾಕ್ಟರಿಗೆ ತಿಳಿಯದ ಕಾಯಿಲೆ ಕಂಡುಹಿಡಿಯುವವಳು ಅವಳೇ. ಗಾಜಿನ ಲೋಟದ ನೀರಿನಲ್ಲಿ ಒಂದು ಕಪ್ಪು ಕಲ್ಲು ಹಾಕಿ, ಬಿದಿರಿನ ಕೊಳವೆಯಿಂದ ಗುಳುಗುಳು ಊದುತ್ತಾ ಲೋಟವನ್ನು ಎಲ್ಪಿಡಿಯೊನ ಮೈಮೇಲೆಲ್ಲ ಆಡಿಸಿದಳು. ಹೊಟ್ಟೆಯ ಮೇಲೆ ನೀರು ತಿಳಿಯಾಗಿತ್ತು. ತಲೆಯ ಮೇಲೂ ತಿಳಿ. ಎದೆಯ ಮೇಲೆ ಬಂದಾಗ ಅಕ್ಕಿ ತೊಳೆದ ನೀರಿನ ಹಾಗೆ ಕದಡಿತು.

“ಇಲ್ಲಿದೆ,” ಎಂದಳು ಅಜ್ಜಿ. “ಇವನಿಗೆ ಇನ್ನೂ ಗೊತ್ತಿಲ್ಲ. ಮೈಗೆ ಗೊತ್ತು.”

ಓಸಾಂಗಕ್ಕ ಸೆರಗಿಲ್ಲದ್ದರಿಂದ ಕೈವಸ್ತ್ರದಲ್ಲಿ ಕಣ್ಣೊರೆಸಿಕೊಂಡಳು. ಬಾಗಿಲಲ್ಲಿ ಸೇರಿದ್ದ ಜನ ನಿಟ್ಟುಸಿರುಬಿಟ್ಟರು. ಯಾರೂ ಜಾಗ ಬಿಟ್ಟು ಕದಲಲಿಲ್ಲ.

ಆಗ ಎಲ್ಪಿಡಿಯೊನಿಗೆ ತನ್ನ ಕೌಂಟರು ನೆನಪಾಯಿತು. ಹದಿನಾಲ್ಕು ವರ್ಷದಲ್ಲಿ ಅವನು ಕಲಿತ ವಿದ್ಯೆ ಒಂದಿತ್ತು. ಫ್ಯಾನು ಸರಿಯಾಗೇ ಇದೆ ಸ್ವಾಮಿ ಎಂದರೆ ಗಿರಾಕಿ ಸಂಜೆಯವರೆಗೂ ಎದುರಿಗೆ ನಿಂತು ಕೂಗಾಡುತ್ತಾನೆ. ಹೌದು, ಒಳಗಿನ ಕಾಯಿಲ್ ಸುಟ್ಟಿದೆ ಎಂದುಬಿಟ್ಟರೆ, ನಾನು ಹೇಳಲಿಲ್ವಾ ಎಂದು ಖುಷಿಯಾಗಿ ಮನೆಗೆ ಹೋಗುತ್ತಾನೆ. ಈ ಊರಿನವರಿಗೂ ಸುಟ್ಟ ಕಾಯಿಲ್ ಒಂದು ಬೇಕಿತ್ತು. ಅಷ್ಟೇ ತಾನೆ, ಕೊಟ್ಟರಾಯಿತು.

“ಅಕ್ಕಾ,” ಎಂದು ತಲೆ ತಗ್ಗಿಸಿದ. “ಇನ್ನು ಮುಚ್ಚಿಟ್ಟು ಪ್ರಯೋಜನ ಇಲ್ಲ. ಅವಳು ನನ್ನ ಬಿಟ್ಟು ಬೇರೆಯವನ ಜೊತೆ ಹೋಗ್ತಾ ಇದಾಳೆ.”

“ಯಾರು ಅವನು?”

ಅದನ್ನು ಅವನು ಯೋಚಿಸಿರಲಿಲ್ಲ. ಹಿಂದಿನ ವಾರ ಹಲ್ಲು ಕೀಳಿಸಿಕೊಂಡಿದ್ದು ಇನ್ನೂ ನೋಯುತ್ತಿತ್ತು. “ಹಲ್ಲಿನ ಡಾಕ್ಟ್ರು,” ಎಂದ.

ಮನೆಯೆಲ್ಲ ಒಮ್ಮೆ ಹಗುರಾಯಿತು. ಓಸಾಂಗಕ್ಕ ಅವನ ಬೆನ್ನು ಸವರಿದಳು. ಕುಲಾಸಣ್ಣ ಹಲ್ಲಿನ ಡಾಕ್ಟರುಗಳ ಜಾತಿಯನ್ನೇ ಬೈದ. ಟಿನಾಯಜ್ಜಿ ಲೋಟದ ನೀರು ಚೆಲ್ಲಿ, ಇಷ್ಟು ಹೊತ್ತು ಸತಾಯಿಸಿದನಲ್ಲ ಎಂದು ಗೊಣಗುತ್ತಾ ಹೊರಟಳು. ಕೋಳಿ ಸಾರು ಬಂತು. ಜನ ತಮ್ಮ ತಮ್ಮ ಮನೆಯ ಓಡಿಹೋದವರ ಕತೆಗಳನ್ನೆಲ್ಲ ಹೇಳಿ, ನಾಲ್ಕು ಗಂಟೆಯ ಹೊತ್ತಿಗೆ ಒಬ್ಬೊಬ್ಬರಾಗಿ ಕರಗಿದರು. ಎಲ್ಪಿಡಿಯೊ ತನ್ನ ಜಾಣತನಕ್ಕೆ ತಾನೇ ಬೀಗಿ, ಈ ಕತೆ ಕೇಳಿದರೆ ಹೆಂಡತಿ ಲುದಿ ಎಷ್ಟು ನಗುತ್ತಾಳೋ ಎಂದುಕೊಂಡು ಟವೆಲ್ಲು ಹುಡುಕಿದ.

ಈ ಸಲ ಹಿಂದೆ ಯಾರೂ ಬರಲಿಲ್ಲ. ನೀರು ಬೆಚ್ಚಗಿತ್ತು. ಅವನು ಮಂಡಿಯುದ್ದದ ನೀರಿಗೆ ಹೋಗಿದ್ದ, ಅಷ್ಟರಲ್ಲಿ ದಡದಿಂದ ಓಸಾಂಗಕ್ಕ ಕೂಗಿದಳು. ಕೈಯಲ್ಲಿ ಅವಳ ಫೋನಿತ್ತು.

“ತಮ್ಮಾ, ನಿನ್ನ ಹೆಂಡ್ತಿಗೆ ಫೋನ್ ಮಾಡಿದ್ದೆ. ಒಂದಿಷ್ಟು ಉಗಿದು ಬುದ್ಧಿ ಹೇಳಾಣ ಅಂತ.”

ಎಲ್ಪಿಡಿಯೊ ತಿರುಗಿ ನಿಂತ. “ಅಯ್ಯೋ, ಏನಂದ್ರಿ ಅಕ್ಕ?”

“ನಿನ್ನ ಗಂಡನಿಗೆ ಎಲ್ಲಾ ಗೊತ್ತಾಗಿದೆ, ಹಲ್ಲಿನ ಡಾಕ್ಟ್ರು ವಿಷಯ ಊರಿಗೇ ಗೊತ್ತಾಗಿದೆ ಅಂದೆ. ಪಾಪ, ಅತ್ತುಬಿಟ್ಟಳು. ಒಂದೇ ಒಂದು ನೀನು ತಪ್ಪು ತಿಳ್ಕೊಂಡಿದೀಯಂತೆ. ಹಲ್ಲಿನ ಡಾಕ್ಟ್ರು ಅಲ್ಲವಂತೆ. ಅರ್ಸೆನಿಯೊ ಅಂತೆ.”

ಎಲ್ಪಿಡಿಯೊ ನಕ್ಕ. ಲುದಿ ಚುರುಕಿನವಳು, ತನ್ನ ಸುಳ್ಳಿಗೆ ತಾಳ ಹಾಕಿದ್ದಾಳೆ ಎಂದುಕೊಂಡ. “ಕೊಡಿ ಇಲ್ಲಿ,” ಎಂದು ದಡದ ಅಂಚಿಗೆ ಬಂದು ಫೋನು ಕಸಿದು ನಂಬರ್ ಒತ್ತಿದ. ಸ್ವಿಚ್ ಆಫ್ ಆಗಿತ್ತು. ಮತ್ತೆ ಒತ್ತಿದ.

“ಇನ್ನು ಫೋನ್ ಮಾಡಬೇಡಿ ಅಂದಿದಾಳೆ,” ಎಂದಳು ಓಸಾಂಗಕ್ಕ. “ಸಾಮಾನು ಬೆಳಿಗ್ಗೇನೆ ಸಾಗಿಸಾಯ್ತಂತೆ. ನೀನು ನಾಳೆ ಬರೋದ್ರೊಳಗೆ ಹೊರಡಬೇಕು ಅಂತಿದ್ದಳಂತೆ, ಎದುರಿಗೆ ನಿಂತು ಹೇಳೋಕೆ ಧೈರ್ಯ ಇರಲಿಲ್ಲವಂತೆ. ಮನೆ ಬೀಗದಕೈ ಕೆಳಗಡೆ ಟೈಲರ್ ಹತ್ರ ಕೊಟ್ಟಿರ್ತಾಳಂತೆ.”

ತನ್ನ ಮನೆಯ ಕೆಳಗಡೆ ಟೈಲರ್ ಇದ್ದಾನೆಂದು ಅವನು ಈ ಊರಿನಲ್ಲಿ ಯಾರಿಗೂ ಹೇಳಿರಲಿಲ್ಲ. ಎಲ್ಪಿಡಿಯೊ ದಡದಂಚಿನ ನೀರಿನಲ್ಲೇ ಕುಳಿತುಬಿಟ್ಟ.

“ನಾನು ಸುಳ್ಳು ಹೇಳಿದ್ದು ಅಕ್ಕ. ಎಲ್ಲಾ ನಾನೇ ಕಟ್ಟಿದ್ದು.”

“ಹೇಳ್ಕೊಂಡ ಮೇಲೆ ಹಂಗೇ ಅನಿಸುತ್ತೆ ತಮ್ಮಾ. ಈಗ ಹೊರಗೆ ಬಂತಲ್ಲ, ಇನ್ನೇನೂ ಭಯ ಇಲ್ಲ.” ಅವಳು ಹಿಂದಕ್ಕೆ ತಿರುಗಿ ಕೂಗಿ ಹೇಳಿದಳು. “ಕುಲಾಸ್, ನಡಿ ಮನೆಗೆ. ಬೆಳಗಿನಿಂದ ಒಬ್ಬನೇ ಇರಬೇಕು ಅಂತ ಒದ್ದಾಡ್ತಾ ಇದಾನೆ. ಇನ್ನು ಇರಲಿ ಬಿಡು.”

ಕುಲಾಸಣ್ಣ ಬಲೆ ಸುತ್ತಿಕೊಂಡು ಹೋದ. ಓಸಾಂಗಕ್ಕನೂ ಹೋದಳು. ಇಡೀ ಕಡಲತೀರ ಖಾಲಿಯಾಯಿತು, ಸಮುದ್ರವನ್ನು ಅವನ ಹೆಸರಿಗೇ ಬರೆದುಕೊಟ್ಟ ಹಾಗೆ. ಅವನು ಅಂಗಾತ ಮಲಗಿ ನೋಡಿದ. ಕಿವಿ ಎರಡೂ ಮುಳುಗಿದವು. ನಿಜವಾಗಿಯೂ ಯಾರ ಮಾತೂ ಕೇಳಿಸಲಿಲ್ಲ. ಅರ್ಸೆನಿಯೊ ಎಂಬ ಒಂದು ಹೆಸರು ಮಾತ್ರ ಕೇಳಿಸಿತು, ಮತ್ತೆ ಮತ್ತೆ. ಆ ಹೆಸರಿನವರು ಅವನಿಗೆ ಒಬ್ಬರೂ ಗೊತ್ತಿರಲಿಲ್ಲ. ಅಂಗಡಿಯಲ್ಲಿ ಇಲ್ಲ, ಓಣಿಯಲ್ಲಿ ಇಲ್ಲ, ಬಂಧುಗಳಲ್ಲಿ ಇಲ್ಲ. ಎರಡು ನಿಮಿಷವೂ ಅವನಿಂದ ತೇಲಲಾಗಲಿಲ್ಲ. ಎದ್ದು ನಿಂತು ದಡ ನೋಡಿದ, ಯಾರಾದರೂ ಬರುತ್ತಾರೇನೋ ಎಂದು. ಯಾರೂ ಬರಲಿಲ್ಲ.

ಒದ್ದೆ ಬಟ್ಟೆಯಲ್ಲೇ ಅಡುಗೆಮನೆಯ ಬಾಗಿಲಿಗೆ ಹೋದ. ಓಸಾಂಗಕ್ಕ ಸಂಜೆಯ ಮೀನು ಹೆರೆಯುತ್ತಿದ್ದಳು.

“ಅಕ್ಕಾ, ಇನ್ನೂ ಏನಂದಳು ಅವಳು? ಆ ಅರ್ಸೆನಿಯೊ ಯಾರಂತೆ? ಎಷ್ಟು ದಿನದಿಂದ ಅಂತೆ? ನೀವು ಕೇಳಲೇ ಇಲ್ವಾ?”

ಓಸಾಂಗಕ್ಕ ಚಾಕು ಕೆಳಗಿಟ್ಟು, ಕೈ ತೊಳೆದುಕೊಂಡು, ಅವನಿಗೊಂದು ಒಣ ಟವೆಲ್ಲು ಕೊಟ್ಟಳು.

“ಛೆ ಛೆ, ಅದನ್ನೆಲ್ಲ ನಾನು ಹೆಂಗೆ ಕೇಳಲಿ ತಮ್ಮಾ,” ಎಂದಳು. “ಗಂಡ ಹೆಂಡ್ತಿ ವಿಷಯ. ಹೊರಗಿನೋರು ತಲೆ ಹಾಕಬಾರದು.”