ಇಂದೆಷ್ಟು ಟ್ರಿಪ್?

ನನ್ನ ಸೋದರಮಾವನಿಗೆ ನಾನು ಹುಟ್ಟಿದ ದಿನ ನೆನಪಿಲ್ಲ, ನನ್ನ ಮಗಳು ಎಷ್ಟನೇ ಕ್ಲಾಸು ಎಂಬುದು ಗೊತ್ತಿಲ್ಲ, ನನ್ನ ಹೆಂಡತಿಯನ್ನು ಹದಿನೆಂಟು ವರ್ಷಗಳಿಂದ ತಪ್ಪು ಹೆಸರಿನಿಂದಲೇ ಕರೆಯುತ್ತಿದ್ದಾನೆ. ಆದರೆ ಕಳೆದ ಮಂಗಳವಾರ ನಾನು ಎಷ್ಟು ಸಲ ಸಂಡಾಸಿಗೆ ಹೋಗಿದ್ದೆ ಎಂದು ಕೇಳಿ ನೋಡಿ! ಥಟ್ಟನೆ ಹೇಳುತ್ತಾನೆ. ಬೇಡವೆಂದರೂ ಬುಧವಾರದ್ದನ್ನೂ ಸೇರಿಸಿ ಹೇಳುತ್ತಾನೆ. ಇಂಥ ಸೋದರಮಾವ ಜಗತ್ತಿನಲ್ಲಿ ಇನ್ನೊಬ್ಬ ಇದ್ದರೆ, ಅವನ ಅಳಿಯನಿಗೆ ನನ್ನದೊಂದು ಸಾಂತ್ವನ ತಿಳಿಸಿಬಿಡಿ.

ಬೆಳಗ್ಗೆ ಆರೂವರೆಗೆ ಮಾಮಾನ ಊರು ಶೆಟಗೇರಿಯಿಂದ ಫೋನು ಬರುತ್ತದೆ. ನಮಸ್ಕಾರವಿಲ್ಲ, ಕುಶಲವಿಲ್ಲ.

"ಇಂದೆಷ್ಟು ಟ್ರಿಪ್ ಆತೋ ತಮಾ?"

"ಐದು."

"ಕೆಂಪು ಸಿಗ್ನಲ್ಲು?"

"ಇಲ್ಲ ಮಾಮಾ."

"ರೈಟ್!" ಫೋನ್ ಕಟ್.

ಮಾಮಾ ಮೂವತ್ತು ವರ್ಷ ಅಂಕೋಲಾ–ಕಾರವಾರ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ನಿವೃತ್ತಿಯಾದ ಮೇಲೆ ಅವನಿಗೊಂದು ಬಸ್ಸು ಬೇಕಿತ್ತು. ನನ್ನ ದೊಡ್ಡ ಕರುಳು ಸಿಕ್ಕಿತು. ಆರು ವರ್ಷದಿಂದ ಅದಕ್ಕೆ ಉರಿಯೂತ. ಒಳಗೆಲ್ಲ ಹುಣ್ಣಾಗಿದೆ, ಬಾತಿದೆ, ಕೆಲವು ತಿಂಗಳು ಸುಮ್ಮನಿರುತ್ತದೆ, ಮತ್ತೆ ಕೆರಳುತ್ತದೆ. "ಇದರಿಂದ ಗಾಬರಿಯಾಗುವಂಥದ್ದೇನಿಲ್ಲ, ಆದರೆ ಪೂರ್ತಿ ವಾಸಿಯಾಗುವಂಥದ್ದೂ ಅಲ್ಲ" ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದರು. ಅವರು ಸಮಾಧಾನಕ್ಕೆ ಹೇಳಿದ್ದು. ನನಗೆ ಕೇಳಿಸಿದ್ದು ಎರಡನೆಯ ಅರ್ಧ ಮಾತ್ರ. ಎಲ್ಲಿಗೆ ಹೋದರೂ ಮೊದಲು ಸಂಡಾಸಿನ ಬಾಗಿಲು ನೋಡುವುದು, ಆಮೇಲೆ ಮನುಷ್ಯರನ್ನು ನೋಡುವುದು. ಮದುವೆಮನೆಯಲ್ಲಿ ವಧೂವರರಿಗಿಂತ ಹಿಂದಿನ ಓಣಿ ಮುಖ್ಯ. ಹೀಗೆ ಆರು ವರ್ಷ ಬದುಕಿ ನೋಡಿ, ನಿಮಗೂ ದಣಿವಾಗುತ್ತದೆ.

ಸಂಡಾಸಿಗೆ ಹೋದರೆ ಟ್ರಿಪ್, ರಕ್ತ ಕಂಡರೆ ಕೆಂಪು ಸಿಗ್ನಲ್ಲು. ಈ ಶಬ್ದಗಳನ್ನು ಮಾಮಾ ಬಳಕೆಗೆ ತಂದದ್ದು ಮರ್ಯಾದೆಗಾಗಿಯಂತೆ. "ನಾಕ್ ಜನ್ರ ಎದ್ರಿಗೆ ಕೇಳೂಕೆ ಅನ್ಕೂಲ" ಎಂದು ಅವನ ವಾದ. ಆದರೆ ಅವನ ಗಂಟಲು ಹಿಂದಿನ ಸೀಟಿಗೆ ಕೇಳುವಂತೆ ಪಳಗಿದ್ದು. ಫೋನಿಗೆ ಸ್ಪೀಕರ್ ಹಾಕುವ ಅಗತ್ಯವೇ ಇಲ್ಲ. ಒಂದು ದಿನ ಮಧ್ಯಾಹ್ನ ಕಚೇರಿಗೇ ಫೋನು ಮಾಡಿದ. ಕಾಯಿಲೆ ಕೆರಳಿದ ವಾರವದು. ನಾನು "ಹನ್ನೊಂದು" ಎಂದೆ. "ಹನ್ನೊಂದು ಟ್ರಿಪ್ಪಾ!" ಎಂದು ಮಾಮಾ ಕೂಗಿದ್ದು ಸಾಹೇಬರ ಕೋಣೆಗೆ ಕೇಳಿಸಿತು. ಅವರು ನನ್ನನ್ನು ಒಳಗೆ ಕರೆದರು.

"ಸರ್ಕಾರಿ ನೌಕರಿಯಲ್ಲಿದ್ದು ಟೆಂಪೋ ಓಡಿಸುವ ಹಾಗಿಲ್ಲ. ಗೊತ್ತಲ್ಲ?"

"ನನ್ನದು ಟೆಂಪೋ ಇಲ್ಲ ಸರ್."

"ಮತ್ತೆ ದಿನಕ್ಕೆ ಹನ್ನೊಂದು ಟ್ರಿಪ್ ಯಾವುದರದ್ದು?"

ಹೆಂಡತಿಯ ಅಣ್ಣನ ಟೆಂಪೋ ಎಂದು ಸುಳ್ಳು ಹೇಳಿ ಪಾರಾದೆ. ಮುಂದಿನ ವಾರ ಸಾಹೇಬರು ಮನೆ ಬದಲಿಸುವವರಿದ್ದರು. ಆ ಟೆಂಪೋ ಕಳಿಸಿ ಎಂದುಬಿಟ್ಟರು!

ಹಾಗೆ ನೋಡಿದರೆ ಮಾಮಾನ ಹುಚ್ಚು ಹೊಸತಲ್ಲ. ನೌಕರಿಯಲ್ಲಿದ್ದಾಗ ಅವನಿಗೆ ಇಡೀ ತಾಲೂಕು ಇಟ್ಟ ಹೆಸರು 'ಟಯರ್ ಮಾಮಾ'. ಬೆಳಗಿನ ಬಸ್ಸು ಹಾರವಾಡ ದಾಟಿ ಒಂದು ತಿರುವಿಗೆ ಬಂತೋ, "ಹೋಲ್ಡಾನ್!" ಎಂದು ಸೀಟಿ ಊದುವನು. ಇಳಿದು ಹಿಂದಿನ ಟಯರಿಗೆ ಎರಡು ಒದೆ ಕೊಡುವನು, ಬಸ್ಸಿಗೊಂದು ಪ್ರದಕ್ಷಿಣೆ ಹಾಕುವನು, ಬೀಡಿ ಹಚ್ಚುವನು. ಐದಾರು ನಿಮಿಷ ಬಸ್ಸು ಅಲ್ಲೇ. ಅಷ್ಟು ವರ್ಷದಲ್ಲಿ ಒಂದೇ ಒಂದು ಪಂಕ್ಚರ್ ಸಿಕ್ಕಿದ್ದರೆ ಕೇಳಿ! ಪ್ರಯಾಣಿಕರು ಬೈದರು, ಕಾಲೇಜು ಹುಡುಗರು ಅಣಕಿಸಿದರು, ಮೇಲಿನವರು ಎರಡು ಸಲ ಮೆಮೊ ಕೊಟ್ಟರು. ನನ್ನ ಅಮ್ಮ ಕಾರವಾರದ ಶಾಲೆಯಲ್ಲಿ ಮಾಸ್ತರಿಕೆ ಮಾಡುತ್ತಿದ್ದಳು, ದಿನವೂ ಅದೇ ಬಸ್ಸು. ನಾವು ಮನೆಯಲ್ಲಿ ಟಯರಿನ ಕಥೆ ಹೇಳಿ ನಕ್ಕರೆ ಅವಳೊಬ್ಬಳೇ ನಗುತ್ತಿರಲಿಲ್ಲ. ತಮ್ಮನ ಮರ್ಯಾದೆಯ ಪ್ರಶ್ನೆ ಎಂದುಕೊಂಡಿದ್ದೆ.

ಅಮ್ಮನದೂ ಒಂದು ಹುಚ್ಚಿತ್ತು ಬಿಡಿ. ವ್ರತ! ಸೋಮವಾರ ಈಶ್ವರನದು, ಮಂಗಳವಾರ ದೇವಿಯದು, ಹೀಗೆ ಶನಿವಾರದ ತನಕ ಬೆಳಗ್ಗೆ ತೊಟ್ಟು ನೀರೂ ಇಲ್ಲ. ರವಿವಾರ ಮಾತ್ರ ಯಾವ ದೇವರೂ ಅವಳನ್ನು ಕೇಳುತ್ತಿರಲಿಲ್ಲ. ಅಂದು ಹೊಟ್ಟೆ ತುಂಬ ಮೀನೂಟ. ಕಡ್ಡಿಯಂತಾಗಿದ್ದಳು. ನಿವೃತ್ತಿಗೆ ಎರಡು ವರ್ಷ ಮೊದಲೇ ಹೋದಳು. ಹೊಟ್ಟೆಯೊಳಗೆ ಏನೋ ಬಹಳ ದಿನದಿಂದ ಇತ್ತು, ತಡವಾಯಿತು ಎಂದರು.

ನನ್ನ ಕಾಯಿಲೆಯ ಸುದ್ದಿ ಕೇಳಿದ ಮರುದಿನವೇ ಮಾಮಾ ಕಾರವಾರದ ಕೋಡಿಬಾಗದಲ್ಲಿರುವ ನಮ್ಮ ಮನೆಗೆ ಎರಡು ಕೈಚೀಲ ಹಿಡಿದು ಬಂದಿಳಿದ. ಒಂದರಲ್ಲಿ ಕೊಡಸಿಗೆ ಚಕ್ಕೆ, ದಾಳಿಂಬೆ ಸಿಪ್ಪೆ, ಬಿಲ್ವದ ಕಾಯಿ. ಇನ್ನೊಂದರಲ್ಲಿ ಕೂವೆ ಹಿಟ್ಟು, ಕೆಂಪಕ್ಕಿ, ಒಂದೆಲಗ. ಅಡುಗೆಮನೆಗೆ ಹೋಗಿ ಮೆಣಸಿನ ಡಬ್ಬಿಯನ್ನು ಅಟ್ಟಕ್ಕೇರಿಸಿದ. ನನ್ನ ಹೆಂಡತಿ ಹೊಳೆಯಾಚೆಯ ಸದಾಶಿವಗಡದವಳು. ಮೆಣಸಿಲ್ಲದ ಮೀನಿನ ಸಾರನ್ನು ಆ ದಂಡೆಯಲ್ಲಿ ಸಾರು ಎನ್ನುವುದಿಲ್ಲ.

"ಅರೆ ದೇವಾ! ಮೆಣಸಿಲ್ದೆ ಬಂಗಡೆ ಹೆಂಗ್ ತಿನ್ನೂದು ಮಾಮಾ?"

"ಬಂಗಡೆ ಎಕ್ಸ್‌ಪ್ರೆಸ್ಸು. ಎಲ್ಲೂ ನಿಲ್ಲೂದಿಲ್ಲ, ಸೀದಾ ಹೊರಗೆ. ಇವಂಗೆ ಲೋಕಲ್ ಗಾಡಿ ಬೇಕು. ಗಂಜಿ ಮಾಡು, ಕೂವೆ ಮಣ್ಣಿ ಮಾಡು. ನಿಂತ್ ನಿಂತ್ ಹೋಗೂವಂಥದ್ದು."

ಅಂದಿನಿಂದ ನನ್ನ ಅನ್ನ ಲೋಕಲ್ ಆಯಿತು. ಬೆಳಗ್ಗೆ ಗಂಜಿ, ಮಧ್ಯಾಹ್ನ ಒಂದೆಲಗದ ತಂಬುಳಿ, ಸಂಜೆ ಮಣ್ಣಿ. ಕೊಡಸಿಗೆ ಕಷಾಯದ ಕಹಿಯನ್ನು ವರ್ಣಿಸಲು ಹೋಗುವುದಿಲ್ಲ. ಅದನ್ನು ಕುಡಿದ ಮೇಲೆ ಮಣ್ಣಿಯೂ ಹಬ್ಬದೂಟದಂತೆ ಕಾಣುತ್ತಿತ್ತು ಎಂದರೆ ಸಾಕು. ಮೇ ತಿಂಗಳಲ್ಲಿ ಅಂಕೋಲೆಯ ಕರಿ ಇಶಾಡ ಮಾವಿನಹಣ್ಣಿನ ಬುಟ್ಟಿಯನ್ನೇ ಹೊತ್ತು ತಂದ. ನನಗೆ ಕಣ್ಣಲ್ಲಿ ನೀರು ಬಂತು. "ನಿಂಗೆ ಆಗ್ತದೋ ಇಲ್ವೋ ಮೊದ್ಲು ನೋಡ್ವ" ಎಂದು ನನ್ನೆದುರೇ ಕೂತು ಆರು ಹಣ್ಣು ತಿಂದ. ಕೈ ತೊಳೆದು ಬಂದು ಗಂಭೀರವಾಗಿ ಹೇಳಿದ, "ನಿಂಗೆ ಆಗೂದಿಲ್ಲ."

ಇಷ್ಟೆಲ್ಲ ನಾರುಬೇರಿನ ಭಕ್ತನಾದವನು ಮಾತ್ರೆಗಳನ್ನು ಬೈಯಬೇಕಲ್ಲವೇ? ನಾನೂ ಅದನ್ನೇ ನಂಬಿದೆ. ದಿನಕ್ಕೆ ಆರು ಮಾತ್ರೆ ನುಂಗಿ ನುಂಗಿ ಸಾಕಾಗಿತ್ತು. ಗಂಜಿ ಕಷಾಯದಿಂದ ಒಂದು ತಿಂಗಳು ಹೊಟ್ಟೆ ತಣ್ಣಗಿದ್ದದ್ದೇ ನೆಪವಾಗಿ, ಒಂದು ವಾರ ಮಾತ್ರೆ ಬಿಟ್ಟೆ. ಮಾಮಾ ಮೆಚ್ಚುತ್ತಾನೆಂದು ನಾನೇ ಹೇಳಿದೆ. ಅವನ ಮುಖ ಕಪ್ಪಾಯಿತು.

"ಟಿಕೆಟ್ ತೋರ್ಸು."

"ಯಾವ ಟಿಕೆಟ್?"

"ಮಾತ್ರೆ ಚೀಟಿ ತಕಂಬಾ."

ತಂದುಕೊಟ್ಟೆ. ಒಂದೂ ಮಾತ್ರೆ ತೆಗೆಯದ, ತೂತು ಬೀಳದ ಹೊಸ ಚೀಟಿ. ಅದನ್ನು ಬೆಳಕಿಗೆ ಹಿಡಿದು ನೋಡಿ, ಟಿಕೆಟ್ಟಿಲ್ಲದೆ ಸಿಕ್ಕಿಬಿದ್ದ ಪ್ರಯಾಣಿಕನನ್ನು ನೋಡುವಂತೆ ನನ್ನನ್ನು ನೋಡಿದ. "ಗಂಜಿ ಕಷಾಯ ಸೀಟಿನ ಕುಶನ್ ಇದ್ದಂಗೆ. ಕೂತ್ಕಣೂಕೆ ಆರಾಮ. ಹಂಗಂತ ಟಿಕೆಟ್ ಇಲ್ದೆ ಕೂರೂಕಾಗ. ನನ್ ಬಸ್ಸಲ್ಲಂತೂ ಆಗ!" ಅಂದಿನಿಂದ ಬಂದಾಗಲೆಲ್ಲ ತಪಾಸಣೆ. ಖಾಲಿ ಚೀಟಿಯ ತೂತುಗಳನ್ನು ಬೆರಳಿನಿಂದ ಮುಟ್ಟಿ ನೋಡುತ್ತಾನೆ. ಡಾಕ್ಟರಿಗೆ ಇದನ್ನು ಹೇಳಿದಾಗ, "ನಿಮ್ಮ ಮಾಮಾನಂಥವರು ಪ್ರತಿ ಮನೆಯಲ್ಲಿ ಬೇಕು" ಎಂದರು. ಮನೆಯಲ್ಲಿ ಇಟ್ಟುಕೊಂಡವರಿಗಲ್ಲವೇ ಗೊತ್ತು!

ಹೀಗಿರುವಾಗ ಈ ವರ್ಷ ನನಗೆ ಅಂಕೋಲಾ ಕಚೇರಿಗೆ ವರ್ಗವಾಯಿತು. ಬೇರೆಯವರಿಗೆ ಅದೊಂದು ಸುದ್ದಿಯೇ ಅಲ್ಲ. ಬಸ್ಸಿನಲ್ಲಿ ಒಂದು ತಾಸು, ಸಂಜೆ ಮನೆ. ನನಗೆ ಆ ಒಂದು ತಾಸೇ ಯಮಲೋಕ. ಎರಡು ವರ್ಷದಿಂದ ನಾನು ಬಸ್ ಹತ್ತಿರಲಿಲ್ಲ. ಮನೆ ಬದಲಿಸೋಣವೆಂದರೆ ಮಗಳು ಹತ್ತನೇ ಕ್ಲಾಸು, ಹೆಂಡತಿಗೆ ಸದಾಶಿವಗಡದಲ್ಲಿ ಅಂಗನವಾಡಿ ಕೆಲಸ. ಮೂರು ದಿನ ಯೋಚಿಸಿ ಸ್ವಯಂ ನಿವೃತ್ತಿಯ ಅರ್ಜಿ ಬರೆದೆ. ನಲವತ್ತೊಂಬತ್ತನೇ ವಯಸ್ಸಿಗೆ, ಹೊಟ್ಟೆಯ ಕಾರಣಕ್ಕೆ, ಹೊಟ್ಟೆಪಾಡು ಬಿಡುವ ಅರ್ಜಿ! ನಗಬೇಕೆನಿಸಿತು, ಆಗಲಿಲ್ಲ. ಹೆಂಡತಿ ಅರ್ಜಿಯನ್ನು ಓದಿ, ಸೀದಾ ಮಾಮಾನಿಗೆ ಫೋನು ಮಾಡಿದಳು.

ರವಿವಾರ ಬೆಳಗ್ಗೆ ಮಾಮಾ ಹಾಜರು. "ಅರ್ಜಿ ಕಿಸೇಲೇ ಇರ್ಲಿ. ಮೊದ್ಲು ಒಂದು ಟ್ರಯಲ್ ಟ್ರಿಪ್ ಹೊಡ್ಯುವ." ದಾರಿಯುದ್ದಕ್ಕೂ ಎಲ್ಲೆಲ್ಲಿ ಸಂಡಾಸು ಇದೆಯೆಂದು ಬಾಯಿಪಾಠ ಒಪ್ಪಿಸಿದ. ಏಳು ಜಾಗ.

"ಅರ್ಗಾದ ಹತ್ರ ಹೊಟೆಲ್ಲು."

"ಅದು ಚತುಷ್ಪಥ ರಸ್ತೆಗೆ ಹೋಯ್ತು ಮಾಮಾ."

"ಅಮದಳ್ಳಿ ಗ್ಯಾರೇಜು?"

"ಅದೂ ರಸ್ತೆಯಾಗಿದೆ."

ಏಳರಲ್ಲಿ ಐದನ್ನು ರಸ್ತೆ ನುಂಗಿತ್ತು. ಅಷ್ಟು ನುಂಗಿಯೂ ಈ ರಸ್ತೆಗೆ ಏನೂ ಆಗಿಲ್ಲ ನೋಡಿ, ನಾನು ಒಂದು ಬಂಗಡೆ ನುಂಗುವಂತಿಲ್ಲ.

ಬಸ್ಸು ಸುರಂಗ ದಾಟಿತು, ಬಿಣಗಾ ದಾಟಿತು. ಬೆಳಗ್ಗೆ ಎರಡೇ ಟ್ರಿಪ್ ಆಗಿತ್ತು, ಧೈರ್ಯ ಬಂತು. ಅಮದಳ್ಳಿ ದಾಟುವಾಗ ಹೊಟ್ಟೆಯೊಳಗೆ ಒಂದು ತಿರುಚು. ಹಾರವಾಡ ಹತ್ತಿರವಾಗುವಷ್ಟರಲ್ಲಿ ಬೆವರಿ ಒದ್ದೆಯಾಗಿದ್ದೆ. ಎದ್ದು ನಿಲ್ಲುವಂತಿಲ್ಲ, ಕೂರುವಂತಿಲ್ಲ. ಬಸ್ಸಿನ ತುಂಬ ಜನ. ಎರಡು ಸೀಟು ಹಿಂದೆ ನನ್ನ ಕಚೇರಿಯ ಹುಡುಗಿಯೊಬ್ಬಳು ತಾಯಿಯ ಜೊತೆ ಕೂತಿದ್ದಳು. ಈ ಬಸ್ಸಿನಲ್ಲಿ, ಇವರೆಲ್ಲರ ಎದುರು ಆಗಬಾರದ್ದು ಆದರೆ ಮತ್ತೆ ಮುಖ ಎತ್ತುವುದು ಹೇಗೆ? ಮಾಮಾನ ಕೈ ಹಿಡಿದೆ. ಈಗ ಇವನು ಆ ಹಿಂದಿನ ಸೀಟಿನ ಗಂಟಲಲ್ಲಿ ಟ್ರಿಪ್ಪಿನ ಮಾತು ತೆಗೆಯುತ್ತಾನೆ, ನನ್ನ ಮಾನ ಮೂರು ಕಾಸಿಗೆ ಹೋಗುತ್ತದೆ ಎಂದು ಕಣ್ಣು ಮುಚ್ಚಿದೆ.

"ಹೋಲ್ಡಾನ್!"

ಬಸ್ಸು ಗಕ್ಕನೆ ನಿಂತಿತು. ಹೊಸ ಕಂಡಕ್ಟರು ಗದರಿದ, "ಅಜ್ಜಾ, ಇದು ನಾನ್‌ಸ್ಟಾಪ್!"

"ನಂಗೆ ಹೊಟ್ಟೆ ಕೆಟ್ಟದೆ ಮಾರಾಯ! ತಡ್ಕಣೂಕಾಗೂದಿಲ್ಲ. ಬಾಗ್ಲ ತೆಗಿ, ಇಲ್ದಿದ್ರೆ ಇಲ್ಲೇ ಆಗ್ತದೆ ನೋಡು!" ಎಂದು ಮಾಮಾ ತನ್ನ ಹೊಟ್ಟೆ ಹಿಡಿದು ಬಾಗಿದ. ಬಸ್ಸಿಗೆ ಬಸ್ಸೇ ನಕ್ಕಿತು. "ಏಳೋ ತಮಾ, ನನ್ನ ಹಿಡ್ಕ, ಒಬ್ನೇ ಹೋದ್ರೆ ಬಿದ್ಬಿಡ್ತೆ" ಎಂದು ನನ್ನ ರಟ್ಟೆ ಹಿಡಿದೆಳೆದ. ಮುದುಕನನ್ನು ಹಿಡಿದುಕೊಂಡ ಒಳ್ಳೆಯ ಅಳಿಯನಾಗಿ ನಾನು ಕೆಳಗಿಳಿದೆ. ಹಿಂದಿನಿಂದ ಆ ಹುಡುಗಿಯ ತಾಯಿ "ಪಾಪ, ವಯಸ್ಸಾತು" ಎಂದದ್ದು ಕೇಳಿಸಿತು. ಬಸ್ಸು ಹೊರಟುಹೋಯಿತು.

ಅದೇ ತಿರುವು. ಅಂಗಳವನ್ನು ರಸ್ತೆ ತಿಂದುಹಾಕಿದ್ದರೂ ಮನೆಯೊಂದು ಉಳಿದುಕೊಂಡಿತ್ತು. ಜಗಲಿಯಲ್ಲಿ ಕೂತಿದ್ದ ಅಜ್ಜಿ ಮಾಮಾನನ್ನು ನೋಡಿದ್ದೇ, ಏನೂ ಕೇಳದೆ ಹಿತ್ತಲಿನ ಕಡೆ ಕೈ ತೋರಿಸಿದಳು. ನಾನು ಓಡಿದೆ.

ಹಿಂದಿರುಗಿ ಬಂದಾಗ ಅಜ್ಜಿ ನನಗಾಗಿ ಗಂಜಿ ತಿಳಿ ಹಿಡಿದು ನಿಂತಿದ್ದಳು. ಮಾಮಾನನ್ನು ಕೇಳುತ್ತಿದ್ದಳು, "ಎಷ್ಟ್ ವರ್ಷ ಆತು ನೀವು ಟಯರ್ ನೋಡೂಕೆ ಬರ್ದೆ! ದಿನಾ ಬರೂ ಅಕ್ಕೋರು ಆರಾಮಿದ್ರಾ? ಛತ್ರಿ ಹಿಡ್ಕಂಡ್ ಓಡ್ ಬರ್ತಿದ್ರು, ಪಾಪ."

ನಮ್ಮ ಕಡೆ ಶಾಲೆಯ ಮಾಸ್ತರಿಣಿಯನ್ನು ಅಕ್ಕೋರು ಎನ್ನುತ್ತಾರೆ. ಮಾಮಾನಿಗೆ ಅವಳು ಬರೀ ಅಕ್ಕ.

"ಅವ್ರು ಹೋಗಿ ಸುಮಾರು ವರ್ಷ ಆತು. ಇವ ಅವ್ರ ಮಗ."

ಅಜ್ಜಿ ನನ್ನನ್ನು ಬಹಳ ಹೊತ್ತು ನೋಡಿದಳು. "ಮೋರೆ ಹಂಗೇ ಅದೆ. ಹೊಟ್ಟೆನೂ ಹಂಗೇ ಅದ್ಯಾ?"

ನಾನು ಗಂಜಿ ತಿಳಿಯ ಲೋಟ ಹಿಡಿದು ನಿಂತೇ ಇದ್ದೆ. ವಾರದ ಆರು ದಿನದ ವ್ರತ ಯಾವ ದೇವರಿಗೂ ಆಗಿರಲಿಲ್ಲ, ಬಸ್ಸಿಗಾಗಿತ್ತು. ರವಿವಾರ ಶಾಲೆಯಿಲ್ಲ, ಹಾಗಾಗಿ ಉಣ್ಣಬಹುದಿತ್ತು. ನಾವು ಮನೆಯಲ್ಲಿ ಕೂತು ಟಯರಿನ ಕಥೆಗೆ ನಕ್ಕಿದ್ದೆವು, ಅವಳೆದುರೇ! ನನಗೆ ತುಂಬ ನಾಚಿಕೆಯಾಯಿತು, ತುಂಬ ದುಃಖವಾಯಿತು. ಮುಂದಿನ ಬಸ್ಸಿನಲ್ಲಿ ಅಂಕೋಲೆಯವರೆಗೂ ಮಾಮಾ ಕಂಡಕ್ಟರನ ಒಂದು ತಪ್ಪನ್ನೂ ಹುಡುಕಲಿಲ್ಲ.

ಸೋಮವಾರ ಬೆಳಗ್ಗೆ ಕಾರವಾರ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಅರ್ಜಿ ಕಿಸೆಯಲ್ಲೇ ಇತ್ತು. ಫೋನು ಬಂತು.

"ಇಂದೆಷ್ಟು ಟ್ರಿಪ್ ಆತೋ ತಮಾ?"

"ಮಾಮಾ, ಅಮ್ಮಂದು ಎಷ್ಟಿತ್ತು?"

ಈ ಸಲ ಬಂದ ದನಿ ಪಕ್ಕದ ಸೀಟಿಗೂ ಕೇಳುವಂತಿರಲಿಲ್ಲ.

"ಗೊತ್ತಿಲ್ವೋ. ಹನ್ನೊಂದ್ ವರ್ಷ ಬಸ್ ನಿಲ್ಸ್ದೆ. ಅಕ್ಕ ಒಂದಿನ ಹೇಳ್ಲಿಲ್ಲ, ನಾ ಒಂದಿನ ಕೇಳ್ಲಿಲ್ಲ. ಟಯರ್ ಟಯರ್ ಅಂತೇ ಹೊತ್ತು ಹೋತು. ಕೇಳಿದ್ರೆ ಡಾಕ್ಟ್ರ ಹತ್ರ ಕರ್ಕಂಡ್ ಹೋಗ್ತಿದ್ನೇನೋ." ಮತ್ತೆ ಕಂಡಕ್ಟರನ ದನಿ ತಂದುಕೊಂಡ. "ಅದ್ಕೇ ನಿನ್ನ ಕೇಳೂದು. ಎಷ್ಟಾತು? ಗಟ್ಟಿ ಹೇಳು."

"ನಾಲ್ಕು, ಮಾಮಾ!" ಎಂದೆ. ಬಸ್‌ಸ್ಟ್ಯಾಂಡಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ರೈಟ್" ಎಂದ ಮಾಮಾ. ನಾನು ಬಸ್ ಹತ್ತಿದೆ.