ತಮ್ಮ ಎಲೆಕ್ಷನ್ನಿಗೆ ನಿಂತ, ನಾನು ತವರಿಗೆ ಹೋದೆ

ತವರಿಗೆ ಬಂದ ಹೆಣ್ಣುಮಗಳನ್ನು ಕಳಿಸುವಾಗ ಸೆರಗಿಗೆ ಅಕ್ಕಿ, ತೆಂಗಿನಕಾಯಿ, ರವಿಕೆ ಬಟ್ಟೆ ಹಾಕುತ್ತಾರಲ್ಲ, ಅದಕ್ಕೊಂದು ಹೆಸರಿದೆ. ಸೆರಗಕ್ಕಿ... ಅಲ್ಲ. ಉಡಿ... ಅದು ಆಚೆ ಸೀಮೆಯವರ ಮಾತು. ಜಬಲ್ಪುರದಲ್ಲಿ ನಲವತ್ತು ವರ್ಷ ಕಳೆದರೆ ಹೀಗೇ, ಮಾತು ನಾಲಿಗೆಯವರೆಗೆ ಬಂದು ನಿಂತುಬಿಡುತ್ತದೆ. ಹಾಂ, ಮಡಿಲಕ್ಕಿ. ಈ ಮಡಿಲಕ್ಕಿಯಿಂದಲೇ ತನ್ನ ಗಂಡನ ಎಲೆಕ್ಷನ್ ಹಾಳಾಯಿತು ಎಂದು ನನ್ನ ತಮ್ಮನ ಹೆಂಡತಿ ಇವತ್ತಿಗೂ ಹೇಳುತ್ತಾಳೆ. ನಮ್ಮ ಮನೆಯವರು ಯಾವ ದೊಡ್ಡ ಕೆಲಸಕ್ಕೆ ಹೊರಟರೂ ಇಂಥದ್ದೇನಾದರೂ ಆಗದೆ ಇರುವುದಿಲ್ಲ.

ತಮ್ಮ ಇರುವುದು ಹಗರೆಯಲ್ಲಿ. ಹೋದ ವಿಧಾನಸಭೆ ಚುನಾವಣೆಗೆ ಬೇಲೂರು ಕ್ಷೇತ್ರದಿಂದ ಪಕ್ಷೇತರನಾಗಿ ನಿಂತ. "ಅಕ್ಕಯ್ಯ, ಹೆಂಗಸರ ಹತ್ರ ಓಟು ಕೇಳೋಕೆ ಮನೆಯವರೇ ಒಬ್ರು ಬೇಕು, ಬಾ" ಎಂದು ಫೋನ್ ಮಾಡಿದ.

"ನಿನ್ನ ಹೆಂಡ್ತಿ ಇಲ್ವೇನೋ?"

"ಅವಳು ನನಗೇ ಓಟು ಹಾಕಲ್ಲ ಅಂತಾವ್ಳೆ."

ನಾನು ಅಟ್ಟದ ಮೇಲಿದ್ದ ಪೆಟ್ಟಿಗೆ ಇಳಿಸಿದೆ. ಊರು ನೋಡಿ ಎಂಟು ವರ್ಷವಾಗಿತ್ತು.

೧. ಅರಸೀಕೆರೆಯ ಮಾತು

ಅರಸೀಕೆರೆಯಲ್ಲಿ ರೈಲು ಇಳಿದೆ. ತಮ್ಮ ಪ್ರಚಾರದ ವ್ಯಾನನ್ನೇ ಕಳಿಸಿದ್ದ. ಮೈಕಿನವನು ಹೊಸಬ, ಬಾಯಿಗೆ ಅಭ್ಯಾಸವಾಗಲಿ ಎಂದು ಕೊಬ್ಬರಿ ಮಂಡಿಗಳ ಮುಂದೆಯೇ ಶುರುಮಾಡಿದ. ನನಗೋ ಕೊಬ್ಬರಿಯ ವಾಸನೆಗೇ ಕಣ್ಣು ತುಂಬಿತ್ತು. ಕಂಡಕಂಡವರಿಗೆಲ್ಲ ಕಿಟಕಿಯಿಂದ ಕೈಮುಗಿದೆ. ವ್ಯಾಪಾರಿಗಳು ಎದ್ದುಬಂದು, "ನಮ್ಮ ಓಟು ನಿಮ್ಗೇ ಕಣಮ್ಮ, ನೆಮ್ಮದಿಯಾಗಿ ಹೋಗಿ" ಎಂದರು. ಒಬ್ಬರು ಎಳನೀರೂ ಕೊಟ್ಟರು.

ಮನೆ ತಲುಪಿ ಹೇಳಿದರೆ ತಮ್ಮ ತಲೆಯ ಮೇಲೆ ಕೈಯಿಟ್ಟುಕೊಂಡ. "ಅಕ್ಕಯ್ಯ, ಅರಸೀಕೆರೆ ಬೇರೆ ಕ್ಷೇತ್ರ. ಅಲ್ಲಿ ನಾನು ನಿಂತೇ ಇಲ್ಲ."

ಆ ವ್ಯಾಪಾರಿಗಳಿಗೆ ಅದು ಗೊತ್ತಿದ್ದಿರಬೇಕು. ಆಮೇಲೆ ಅಷ್ಟು ಧಾರಾಳವಾಗಿ ಯಾರೂ ಮಾತು ಕೊಡಲಿಲ್ಲ.

೨. ಅಳತೆ ರವಿಕೆ

ತಮ್ಮನಿಗೆ ಸಿಕ್ಕಿದ್ದು ಹೊಲಿಗೆ ಯಂತ್ರದ ಗುರುತು. ಹಳೇಬೀಡಿನ ಒಂದು ಮನೆಯಲ್ಲಿ ಮುದುಕಿಯೊಬ್ಬರ ಕೈಗೆ ಆ ಯಂತ್ರದ ಚಿತ್ರವಿದ್ದ ಚೀಟಿ ಕೊಟ್ಟೆ. ಅದನ್ನು ತಿರುಗಿಸಿ ಮುರುಗಿಸಿ ನೋಡಿ ಒಳಗೆ ಹೋದವರು ಒಂದು ಹೊಸ ರವಿಕೆ ಬಟ್ಟೆ ತಂದು ನನ್ನ ಸೆರಗಿಗೆ ಹಾಕಿದರು. ಜೊತೆಗೆ ಒಂದು ಹಳೇ ರವಿಕೆ.

"ಇದ್ಯಾಕಮ್ಮ?"

"ಅಳತೆಗೆ. ತೋಳು ಬಿಗಿ ಮಾಡ್ಬೇಡ ಕಣವ್ವ. ಸೋಮವಾರಕ್ಕೆ ಬೇಕು."

ಬೇರೇನು ಮಾಡಲಿ, ಪ್ರಚಾರ ಬಿಟ್ಟು ಒಂದು ಮಧ್ಯಾಹ್ನ ಕೂತು ಹೊಲಿದುಕೊಟ್ಟೆ. ತೊಟ್ಟುನೋಡಿ, "ಕೆಲಸ ಚೆನ್ನಾಗೈತೆ. ನಿನ್ನ ತಮ್ಮ ಯಾಕೆ ಎಲೆಕ್ಷನ್ನಿಗೆ ನಿಂತವ್ನೆ, ನೀವಿಬ್ರೂ ಸೇರಿ ಒಂದು ಅಂಗಡಿ ಹಾಕಿ" ಎಂದರು.

೩. ಓಟಿನವರು ಕೊಟ್ಟಿದ್ದು

ಓಟು ಕೇಳುವುದು ಎರಡು ನಿಮಿಷದ ಕೆಲಸ. ಆದರೆ ಹಗರೆ ಮೇಷ್ಟ್ರ ಮಗಳು ಎಂದು ಗೊತ್ತಾದರೆ ಯಾರೂ ಬಾಗಿಲಲ್ಲಿ ನಿಲ್ಲಿಸಿ ಕಳಿಸುವುದಿಲ್ಲ. ಕೂರಿಸಿ ಕಾಫಿ ಕೊಡುತ್ತಾರೆ, ಮಕ್ಕಳೆಷ್ಟು ಅಂತಾರೆ, ಎದ್ದರೆ ಮಡಿಲಕ್ಕಿ. "ನಿಮ್ಮವ್ವನ ಮುಖಾನೇ ಕಣವ್ವ" ಎಂದು ಒಬ್ಬರು ನನ್ನ ಗಲ್ಲ ಹಿಡಿದರು. ಜಬಲ್ಪುರದಲ್ಲಿ ನಮ್ಮವ್ವನ ಮುಖ ಕಂಡವರು ಒಬ್ಬರೂ ಇಲ್ಲ. ಆ ಮನೆಯಲ್ಲಿ ಇನ್ನೊಂದು ಲೋಟ ಕಾಫಿ ಕುಡಿದೆ.

"ಅಕ್ಕಯ್ಯ, ಒಂದು ಮನೆಗೆ ಅರ್ಧ ಗಂಟೆ ಆದ್ರೆ, ನಾವು ಬೇಲೂರು ಮುಟ್ಟೋ ಹೊತ್ತಿಗೆ ಮುಂದಿನ ಎಲೆಕ್ಷನ್ ಬತ್ತದೆ" ಎಂದು ತಮ್ಮ ಗೊಣಗಿದ.

ಆ ಮನೆಯಿಂದ ಹೊರಟು ಊರು ದಾಟುವ ಮೊದಲೇ ಚುನಾವಣಾ ತಪಾಸಣೆಯವರು ವ್ಯಾನು ನಿಲ್ಲಿಸಿದರು. ಹಿಂದೆ ನೋಡಿದರೆ ಅಕ್ಕಿ, ರವಿಕೆ ಬಟ್ಟೆಗಳ ಗಂಟು, ಕಾಯಿಯ ರಾಶಿ.

"ಓಟಿನವರಿಗೆ ಹಂಚೋಕಾ?" ಎಂದರು ಅಧಿಕಾರಿ.

"ಇಲ್ಲಪ್ಪ. ಓಟಿನವರು ನನಗೆ ಕೊಟ್ಟಿದ್ದು."

ಅವರು ನನ್ನ ಮುಖ ನೋಡಿದರು, ಕಾಯಿ ನೋಡಿದರು, ಮೇಲಿನವರಿಗೆ ಫೋನ್ ಮಾಡಿದರು. ಮೇಲಿನವರಿಗೂ ಇಂಥದ್ದಕ್ಕೆ ನಿಯಮ ಗೊತ್ತಿರಲಿಲ್ಲ. ಕೊನೆಗೆ ವಿಚಾರಿಸಲು ನಮ್ಮನ್ನು ಕರೆದುಕೊಂಡು, ನಾವು ಆಗಷ್ಟೇ ಬಿಟ್ಟುಬಂದ ಮನೆಗೇ ಬಂದರು. ಆ ಮನೆಯಾಕೆ, "ನಮ್ಮ ಕಡೆ ಹೆಣ್ಮಗಳು ಸಾಹೇಬ್ರೇ, ಬರಿ ಮಡಿಲಲ್ಲಿ ಕಳ್ಸೋಕಾಗುತ್ತಾ?" ಎಂದು, ಇನ್ನೊಂದು ಕಾಯಿ ತಂದು ಅವರೆದುರೇ ನನ್ನ ಸೆರಗಿಗೆ ಹಾಕಿದರು.

"ಹಾಗಾದ್ರೆ ಓಟೂ ಇವರಿಗೇನಾ?" ಎಂದು ಅಧಿಕಾರಿ ನಗುತ್ತಾ ಕೇಳಿದರು.

"ಅದು ಬೇರೆ, ಇದು ಬೇರೆ" ಎಂದರು ಆಕೆ.

೪. ಎಣಿಕೆ

ಫಲಿತಾಂಶ ಬಂದ ದಿನ ತಮ್ಮನ ಹೆಂಡತಿ ಹಜಾರದಲ್ಲಿ ಕೂತು ಕಾಯಿ ಎಣಿಸಿದಳು. ಒಮ್ಮೆ ಎಣಿಸಿ, ಅನುಮಾನವಾಗಿ ಮತ್ತೊಮ್ಮೆ ಎಣಿಸಿದಳು. ಹಗರೆಯ ಮತಗಟ್ಟೆಯಲ್ಲಿ ಅವಳ ಗಂಡನಿಗೆ ಬಂದ ಓಟಿಗಿಂತ ನನಗೆ ಬಂದ ಕಾಯಿ ಹೆಚ್ಚಾಗಿದ್ದವು. "ನೀವೇ ನಿಲ್ಬೇಕಾಗಿತ್ತು ಅತ್ತಿಗೆ" ಎಂದಳು.

ಮೊನ್ನೆ ತಮ್ಮ ಫೋನ್ ಮಾಡಿ, ಈ ಎಲೆಕ್ಷನ್ ಸಹವಾಸ ಸಾಕು, ಇನ್ನು ನಿಲ್ಲುವುದಿಲ್ಲ ಎಂದ. ಅವಸರ ಮಾಡಬೇಡ ಎಂದು ಹೇಳಿ ಫೋನ್ ಇಟ್ಟೆ. ಊರಿನಿಂದ ಹಬ್ಬಕ್ಕೆ ಕರೆದರೆ ನನ್ನ ಮಗ, "ಈ ಮಂಡಿ ನೋವಲ್ಲಿ ಅಷ್ಟು ದೂರದ ರೈಲು ಯಾಕಮ್ಮ" ಎನ್ನುತ್ತಾನೆ. ನಾಮಕರಣಕ್ಕೂ ಅದೇ ಮಾತು, ಗೃಹಪ್ರವೇಶಕ್ಕೂ ಅದೇ. ಎಲೆಕ್ಷನ್ ಎಂದಾಗ ಮಾತ್ರ ಮರುಮಾತಾಡದೆ ಟಿಕೆಟ್ ತಂದಿದ್ದ.

ಅದಕ್ಕೇ ಈಗ ಮೊಮ್ಮಗಳನ್ನು ಫೋನ್ ಸಮೇತ ಪಕ್ಕದಲ್ಲಿ ಕೂರಿಸಿಕೊಂಡಿದ್ದೇನೆ. ಬರಿ ಪುಟ್ಟಿ, ನಾನು ಹೇಳಿದ ಹಾಗೇ ಬರಿ: ತಮ್ಮಾ, ಮುಂದಿನ ಸಲವೂ ನಿಲ್ಲು. ಗೆಲ್ಲೋದು ಮಾತ್ರ ಬೇಡ ಕಣೋ. ಗೆದ್ದರೆ ನೀನು ಬೆಂಗಳೂರಿಗೆ ಹೋಗ್ತೀಯ, ನಾನು ಹಗರೆಗೆ ಬಂದು ಯಾರನ್ನ ನೋಡಲಿ?